ಎಕ್ಕೂರು ಯಾರೂ ಕೂಗಲಿಲ್ಲ

ನಕ್ಷೆ ಎಲ್ಲಿದೆ ಅಂತ ಹಿಂದಿಯಲ್ಲಿ ಕೇಳಿದಳು ಹುಡುಗಿ,
ಹತ್ತಿದ ಮೊದಲ ದಿನ, ಸ್ಟೇಟ್‌ಬ್ಯಾಂಕಿನಲ್ಲಿ,
ಬಾಗಿಲ ಮೇಲೆ ಹುಡುಕುತ್ತಾ.
ನಮ್ಮ ಬಾಗಿಲ ಮೇಲೆ ಇರುವುದು
ಬಾಡಿದ ಒಂದು ಚೆಂಡು ಮಲ್ಲಿಗೆ,
ಫುಟ್‌ಬೋರ್ಡಿನಲ್ಲಿ ನಿಲ್ಲಬಾರದು ಎಂಬ ಬರಹ,
ಅದರ ಕೆಳಗೆ, ಫುಟ್‌ಬೋರ್ಡಿನಲ್ಲಿ, ನಾನು.

ನಕ್ಷೆ ಅಂದರೆ ನನ್ನ ಗಂಟಲು ಅಂದೆ.
ಅರ್ಥವಾಗಲಿಲ್ಲ. ಕೂಗಿ ತೋರಿಸಿದೆ:
ಜ್ಯೋತಿ ಬಲ್ಮಠ ಬೆಂದೂರ್‌ವೆಲ್ ಕಂಕನಾಡಿ ಪಂಪ್‌ವೆಲ್
ಎಕ್ಕೂರ್ ಜೆಪ್ಪಿನಮೊಗರು ಕಲ್ಲಾಪು ತೊಕ್ಕೊಟ್ಟು ಪೋಯಿಪೋಯಿಪೋಯಿ
ಇಪ್ಪತ್ತೆರಡು ವರ್ಷದಲ್ಲಿ ಈ ಸಾಲಿನ ನಡುವೆ
ಒಮ್ಮೆಯೂ ಉಸಿರು ಎಳೆದುಕೊಂಡವನಲ್ಲ.

ಹೆಸರು ಪಿಯಾಲಿ. ಊರು ಕೋಲ್ಕತ್ತ.
ಕಲಿಯುವುದು ನರ್ಸಿಂಗ್, ಇಳಿಯುವುದು ಎಕ್ಕೂರು.
ಅವಳ ಊರಲ್ಲಿ ರೈಲು ನೆಲದ ಕೆಳಗೆ ಓಡುತ್ತದಂತೆ,
ಹೊಳೆಯ ಕೆಳಗೂ.
"ಹೊಳೆ ಕಾಣುವುದಿಲ್ವಾ?" ಅಂದೆ.
"ನೀಲಿ ಲೈಟು ಹಾಕಿದ್ದಾರೆ," ಅಂದಳು,
"ಮುಕ್ಕಾಲು ನಿಮಿಷ. ಮುಗಿಯಿತು."

ಡ್ರೈವರ್ ದೇಜಪ್ಪಣ್ಣನಿಗೆ ಹೇಳಿದೆ.
ಅವರು ಬಾವಿ ತೋಡುವವರ ಮನೆಯವರು.
"ಮುರಕಲ್ಲು ಅಗೆದು ನೋಡಲಿ ಇಲ್ಲಿ," ಅಂದರು ಗೇರು ಬದಲಿಸುತ್ತಾ,
"ಹತ್ತು ಕೋಲು ಇಳಿದರೆ ಸಿಗುವುದು ರೈಲಲ್ಲ, ನೀರು."
ಬೆಂದೂರ್‌ವೆಲ್ಲಿನ ಬಾವಿ, ಪಂಪ್‌ವೆಲ್ಲಿನ ಬಾವಿ,
ಎರಡನ್ನೂ ದಿನಕ್ಕೆ ಹನ್ನೆರಡು ಸಲ ಕೂಗುತ್ತೇನೆ,
ಒಂದರ ಹಗ್ಗವನ್ನೂ ನೋಡಿಲ್ಲ.

ಮುಂದಿನ ವಾರ ಒಂದು ಕಾಗದ ತಂದಳು.
ಕೆಂಪು ಗೆರೆ ಸುರತ್ಕಲ್‌ಗೆ, ಹಸಿರು ಕುಡುಪುವಿಗೆ,
ನೀಲಿ ನಮ್ಮದು. ಸ್ಟಾಪಿಗೊಂದು ಬಿಳಿ ಸೊನ್ನೆ.
ಚಂದ ಉಂಟು. ಆದರೆ ಎಷ್ಟು ನೆಟ್ಟಗೆ, ಮಾರಾಯ್ರೆ!
ಬಲ್ಮಠದ ಏರಿಲ್ಲ,
ಅಲ್ಲಿ ಸೆಕೆಂಡ್ ಗೇರಿನಲ್ಲಿ ನರಳುವ ನಮ್ಮ ಗಾಡಿ ಇಲ್ಲ,
ಕಂಕನಾಡಿ ಮಾರ್ಕೆಟಿನ ಎದುರು, ಸ್ಟಾಪೇ ಅಲ್ಲದ ಕಡೆ,
ಹರಿವೆಯ ಕಟ್ಟು ಎತ್ತಿ ಕೈ ತೋರಿಸುವ
ಸೆಲಿನ್ ಬಾಯಿಗೆ ನಿಲ್ಲಿಸುವ ಅರ್ಧ ನಿಮಿಷ ಇಲ್ಲ,
ಆ ಅರ್ಧ ನಿಮಿಷಕ್ಕೆ ಹಿಂದಿನ ಬಸ್ಸಿನವನ ಬೈಗುಳ ಇಲ್ಲ,
ಟೈಮ್ ಕೀಪರ್‌ನ ದಂಡ ಇಲ್ಲ.
ಬಾಲ್‌ಪೆನ್ನಿನಲ್ಲಿ ಒಂದು ಡೊಂಕು ಹಾಕಿದೆ.
ಹುಬ್ಬು ಗಂಟಿಕ್ಕಿದಳು. ಅಳಿಸಲಿಲ್ಲ.

ಆಟಿಯಲ್ಲಿ ಗಂಟಲು ಕಟ್ಟಿತು.
ಕಟ್ಟಿತು ಅಲ್ಲ, ಹೋಯಿತು. ಡಾಕ್ಟರು ಟಾರ್ಚು ಬಿಟ್ಟು ನೋಡಿ
ಹದಿನೈದು ದಿನ ಮಾತು ಬೇಡ ಅಂದರು.
ಮಾತಲ್ಲ ಡಾಕ್ಟರೇ, ಕೂಗುವುದು, ಅನ್ನಲು ಹೋದೆ.
ಗಾಳಿ ಮಾತ್ರ ಬಂತು.

ಮರುದಿನ ಸೀಟಿ ಒಂದೇ.
ಜ್ಯೋತಿಯಲ್ಲಿ ಕಾಲೇಜು ಹುಡುಗರು ನನ್ನ ಹಾಗೆ ಕೂಗಿ ನಕ್ಕರು.
ಬೆಂದೂರ್‌ವೆಲ್ಲನ್ನು ಮುಂದಿನ ಸೀಟಿನ ಟೀಚರು
ಹಾಜರಿ ಕರೆದ ಹಾಗೆ ಕರೆದರು.
ಕಂಕನಾಡಿಯಲ್ಲಿ "ಜಪ್ಪುಲೆ, ಜಪ್ಪುಲೆ" ಒಂದು ಕಡೆಯಿಂದ,
"ದೆಂವಾ, ದೆಂವಾ" ಇನ್ನೊಂದು ಕಡೆಯಿಂದ,
ಇಳಿಯಬೇಕಾಗಿಲ್ಲದ ಇಬ್ಬರೂ ಇಳಿದುಬಿಟ್ಟರು.
ಪಂಪ್‌ವೆಲ್ಲಿಗೆ ಇಡೀ ಬಸ್ಸೇ ಬೊಬ್ಬೆ ಹಾಕಿತು.

ಎಕ್ಕೂರು ಯಾರೂ ಕೂಗಲಿಲ್ಲ.
ಇಳಿಯುವವಳು ಒಬ್ಬಳೇ. ಅವಳು ಪುಸ್ತಕದೊಳಗೆ
ಎಲುಬುಗಳ ಹೆಸರು ಬಾಯಿಪಾಠ ಮಾಡುತ್ತಾ,
ನಾನು ಹಿಂದಿನ ಬಾಗಿಲಲ್ಲಿ ಚಿಲ್ಲರೆ ಎಣಿಸುತ್ತಾ.
ನೆನಪಾಗಿ ಬಾಯಿ ತೆರೆದೆ. ಗಾಳಿ.

ಸೇತುವೆಯ ಮೇಲೆ ಬೆಳಕು ಬದಲಾಗಿ ತಲೆ ಎತ್ತಿದಳು.
ನೇತ್ರಾವತಿ ಕೆಂಪಗೆ, ತುಂಬಿ, ಎರಡೂ ಬದಿಗೆ.
ಕುದ್ರುವಿನ ತೆಂಗುಗಳು ಸೊಂಟದವರೆಗೆ ನೀರಿನಲ್ಲಿ.
ಆಚೆಯ ಸೇತುವೆಯಲ್ಲಿ ಕೇರಳದ ರೈಲು, ಒದ್ದೆಯಾಗಿ.
ಬಯ್ಯುತ್ತಾಳೆ ಅಂದುಕೊಂಡೆ.
"ಇದು ಎಷ್ಟು ಹೊತ್ತು?" ಅಂದಳು ನಮ್ಮ ಕನ್ನಡದಲ್ಲಿ,
ಕಿಟಕಿಯ ಕಬ್ಬಿಣ ಹಿಡಿದು.
ದೇಜಪ್ಪಣ್ಣ ಕನ್ನಡಿಯಲ್ಲಿ ನನ್ನನ್ನು ನೋಡಿದರು,
ಮೂರನೇ ಗೇರಿಗೆ ಇಳಿಸಿದರು.
ಹಿಂದಿನ ಬಸ್ಸು ಹಾರ್ನು ಹೊಡೆಯುತ್ತಲೇ ಇತ್ತು.

ತೊಕ್ಕೊಟ್ಟಿನಲ್ಲಿ ಎದುರು ಬದಿಯ ಬಸ್ಸಿಗೆ ಹತ್ತಿಸಿದೆ,
ಆ ಕಂಡಕ್ಟರನಿಗೆ ಕೈಸನ್ನೆ ಮಾಡಿದೆ: ಇವಳಿಗೆ ಟಿಕೇಟು ಬೇಡ.
ಆಯಿತು ಅಂತ ತಲೆ ಆಡಿಸಿದ.
ಹರಿದ ಅಂತ ಮಾರನೇ ದಿನ ಗೊತ್ತಾಯಿತು.