ಅರ್ಧ ಇಂಚು

ಕಿಲ್ಕೀಲ್ ಬಂದರಿನ ಹಿಂದೆ, ಹಳೆಯ ಮೀನುಗೋದಾಮಿನಲ್ಲಿ
ರೆಕ್ಕೆಯಿಲ್ಲದ ವಿಮಾನ. ಮೂರೇ ಸಾಲು.
ಹದಿನಾಲ್ಕು ಗಂಟೆ ಕೂತರೆ ತೊಂಬತ್ತು ಪೌಂಡು, ಊಟ ಬೇರೆ.
ಬರೆದುಕೊಳ್ಳುವವಳು ನಾನು.

ಮೊದಲ ಸಾಲು ಹದಿನೇಳು ಇಂಚು ಅಗಲ, ದಪ್ಪ ಮೆತ್ತೆ.
ಎರಡನೆಯದು ಅರ್ಧ ಇಂಚು ಹೆಚ್ಚು; ಮೆತ್ತೆ ಮಾತ್ರ ರೊಟ್ಟಿಯಷ್ಟು.
ಮೂರನೆಯದಕ್ಕೆ ಒರಗುವ ಗುಂಡಿಯಿದೆ,
ಒರಗುವುದಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದವರಿಗೆ
ಮುಂದಿನವನ ಬೆನ್ನು ಮಂಡಿಗೆ ತಾಗಿರಲಿಲ್ಲ.

ಏಳನೇ ಗಂಟೆಗೆ ಯೂನನ್ ಮೆಗೆನಿಸ್,
ನಲವತ್ತು ವರ್ಷ ದೋಣಿಯ ಹಲಗೆಯ ಮೇಲೆ ಕೂತವನು,
ಸೊಂಟ ಹಿಡಿದು ಎದ್ದ:
"ಹಲಗೆ ಅಲುಗುತ್ತಿತ್ತಮ್ಮ. ಇದು ಅಲುಗುವುದಿಲ್ಲ,
ಅದೇ ನೋವು."
ಎಲ್ಲಿ ಬರೆಯಲಿ? ಹಾಳೆಯಲ್ಲಿರುವುದು
ಒಂದರಿಂದ ಹತ್ತರವರೆಗೆ ಅಂಕಿ.

ಮೂರನೇ ಸಾಲಿನ ನಡುವೆ ಬ್ರೋನಾ, ಬೇಕರಿಯವಳು.
ರಾತ್ರಿ ಯಾವಾಗಲೋ ಕುರ್ಚಿಯ ಕೈಯಿಂದ ತನ್ನ ಕೈ ತೆಗೆದು
ಮಡಿಲಲ್ಲಿಟ್ಟುಕೊಂಡಳು, ಯಾರೂ ಕೇಳದೆ.
ಕಿಟಕಿ ಪಕ್ಕದ ಹುಡುಗ ಆ ಜಾಗಕ್ಕೂ ಹರಡಿಕೊಂಡು
ಬಾಯಿ ತೆರೆದು ಮಲಗಿದ,
ಹಿಟ್ಟಿನ ವಾಸನೆಯ ಭುಜಕ್ಕೆ ತಲೆಯಿಟ್ಟು.
(ಕಿಟಕಿಯೆಂದರೆ ಗೋಡೆಗೆ ಬಳಿದ ನೀಲಿ ಬಣ್ಣ.)

ಬೆಳಿಗ್ಗೆ ಅವನು ಒಂಬತ್ತು ಕೊಟ್ಟ.
ಅವಳು ಎರಡು.
ಕಂಪನಿಯವರು ಕೂಡಿಸಿ ಭಾಗಿಸಿ
ಐದೂವರೆ ಎಂದು ಬರೆಸಿದರು.

ದೀಪ ಆರಿಸುವ ಮುನ್ನ
ಅದೇ ನಡುವಿನ ಕುರ್ಚಿಯಲ್ಲಿ ಕೂತು ನೋಡಿದೆ.
ಎರಡೂ ಬದಿ ಖಾಲಿ, ಎರಡೂ ಕುರ್ಚಿಕೈ ನನ್ನವೇ.
ನನ್ನ ಕೈಗಳು ಮಾತ್ರ
ಮಡಿಲು ಬಿಟ್ಟು ಏಳಲಿಲ್ಲ.