ಓರೆಗಣ್ಣು

ಸಾನ್ ಹ್ವಾನ್ ಹಬ್ಬದ ಹಿಂದಿನ ರಾತ್ರಿ, ಎರಡೂವರೆ ಗಂಟೆಗೆ
ಅತ್ತೆ ನನ್ನ ಕಂಬಳಿ ಎಳೆದಳು: ಏಳೇ, ಈ ಸಲ ನೀನೂ ಬಾ.
ನಾಲ್ಕು ವರ್ಷದಲ್ಲಿ ಇದೇ ಮೊದಲು.
ಒಲೆಯ ಬೂದಿಯೊಳಗೆ ಇನ್ನೂ ಬಿಸಿಯಿದ್ದ ಎರಡು ಆಲೂಗಡ್ಡೆ
ಜೇಬಿಗೆ ಒಂದೊಂದು. ತಿನ್ನಲಿಕ್ಕಲ್ಲ, ಕೈ ಕಾಯಿಸಲಿಕ್ಕೆ.

ಸಭೆಮನೆಯ ಗೋಡೆಗೊರಗಿ ಕೋಕಾ ಎಲೆ ಜಗಿಯುತ್ತಿದ್ದ ಗಂಡಸರು
ಯಾರೂ ಏನೂ ಕೇಳಲಿಲ್ಲ. ಕೇಳುವುದು ಇಳಿದು ಬಂದ ಮೇಲೆ.
ಎಪಿಫಾನಿಯಾ ಕೊಂದೋರಿ ಹತ್ತುತ್ತಾಳೆ, ನೋಡುತ್ತಾಳೆ, ಹೇಳುತ್ತಾಳೆ;
ಊರು ಬಿತ್ತುತ್ತದೆ.
ಮೂವತ್ತೊಂದು ವರ್ಷದ ಪರಿಪಾಠ.

ಕೃತ್ತಿಕೆ ನಮ್ಮ ಬಾಯಲ್ಲಿ ಕೋಲ್ಕಾ, ಅಂದರೆ ಕಣಜ.
ತುಂಬಿ ತುಳುಕಿ ಕಂಡರೆ ಮಳೆ ಹೊತ್ತಿಗೆ ಸರಿಯಾಗಿ ಬರುತ್ತದೆ.
ಮಂಕಾಗಿ, ಒಂದಕ್ಕೊಂದು ಅಂಟಿಕೊಂಡು ಕಂಡರೆ
ಬೀಜದ ಗಡ್ಡೆ ಇನ್ನೊಂದು ತಿಂಗಳು ಹುಲ್ಲಿನಡಿ ಮಲಗಿರಲಿ.
ಬೆಳ್ಳಿಗೆ ಈ ಪರೀಕ್ಷೆಯಿಲ್ಲ. ಅವಳು ಶ್ರೀಮಂತರ ಮನೆ ಮಗಳು,
ಮೋಡದ ಸೆರಗಿನೊಳಗಿಂದಲೂ ಹೊಳೆದಾಳು.
ಸಾಕ್ಷಿ ಹೇಳಬೇಕಾದ್ದು ಬಡವರೇ:
ಇದ್ದೂ ಇಲ್ಲದಂತಿರುವ ಆರನೆಯದು, ಏಳನೆಯದು, ಒಂಬತ್ತನೆಯದು.

ದಾರಿಯುದ್ದಕ್ಕೂ ನೈರುತ್ಯದ ದಿಣ್ಣೆಗೆ ಲಾಮಾ ಇಳಿಯುತ್ತಿತ್ತು,
ಆಕಾಶದ ಬಿಳಿಹೊಳೆಯಲ್ಲಿ ಕರಿ ತೇಪೆಯ ಮೈ, ಕರಿ ಕತ್ತು,
ಎರಡೇ ಎರಡು ಕಣ್ಣು.
ಮಾಸ್ತರ ಗ್ರಿಮಾಲ್ದೊ ಒಮ್ಮೆ ಹೇಳಿದ್ದ:
ಆ ಕಣ್ಣಿನ ಬೆಳಕು ಹೊರಟದ್ದು ನಿನ್ನ ಮದುವೆಯ ವರ್ಷ,
ಈ ಕಣ್ಣಿನದು, ನಮ್ಮ ಇಗರ್ಜಿಗೆ ಮೊದಲ ಗಂಟೆ ಹೊತ್ತು ತಂದ ಕಾಲಕ್ಕೆ.
ಒಂದು ಪಕ್ಕದ ಮನೆಯ ಚಿಮಣಿ ಬುಡ್ಡಿ, ಒಂದು ದೂರದ ಕಾಡ್ಗಿಚ್ಚು,
ಒಂದೇ ಮುಖದಲ್ಲಿ ಕೂತು ಹೆಚ್ಚುಕಮ್ಮಿ ಸಮನಾಗಿ ಮಿಟುಕಿಸುತ್ತವೆ.
ಅತ್ತೆಗೆ ಹೇಳಿದೆ.
'ಲಾಮಾಕ್ಕೆ ಗೊತ್ತಾ ಅದು?' ಅಂದಳು.

ಗುಡ್ಡದ ನೆತ್ತಿ. ಹಲ್ಲಿನ ಸಂದಿಗೂ ನುಗ್ಗುವ ಗಾಳಿ.
ಔಸಂಗಾತೆಯ ಹಿಮದಂಚಿನಲ್ಲಿ ಮೊದಲು ಏನೂ ಇಲ್ಲ,
ಆಮೇಲೆ ಯಾರೋ ಕನ್ನಡಿಗೆ ಉಸಿರು ಬಿಟ್ಟಂತೆ ಒಂದು ಮಸುಕು.
'ನೇರ ನೋಡಬೇಡ, ನಾಚಿ ಓಡುತ್ತವೆ.
ಪಕ್ಕದ ಕತ್ತಲನ್ನು ನೋಡು. ಓರೆಗಣ್ಣಿಗೆ ತಾವಾಗಿ ಬರುತ್ತವೆ.'
ನೋಡಿದೆ. ಐದು. ಆರು.
ರೆಪ್ಪೆ ಹೊಡೆದರೆ ನಾಲ್ಕೇ. ಮತ್ತೆ ಏಳು,
ಏಳರ ಬಗಲಲ್ಲಿ ಚಿಲ್ಲರೆ, ಎಂಟು, ಒಂಬತ್ತು,

'ಎಷ್ಟು?' ಅಂದಳು.

ಮೂವತ್ತೊಂದು ವರ್ಷ ಹೇಳಿದ ಬಾಯಿ ಕೇಳುತ್ತಿದೆ.
ತಿರುಗಿದೆ. ಅವಳ ಮುಖ ಕಣಜದ ಕಡೆಗಿರಲಿಲ್ಲ,
ಬಲು ಆಚೆ, ಬರೀ ಬಂಡೆಯಿದ್ದ ಕಡೆಗಿತ್ತು.
ನಸುಕಿನ ಮೊದಲ ಬೂದಿಬೆಳಕಲ್ಲಿ ಕಂಡೆ:
ಎರಡೂ ಪಾಪೆಗೆ ಹಾಲಿನಂಥ ಪೊರೆ.

ಹೋದ ವರ್ಷ ನೆನಪಾಯಿತು, ಅದರ ಹಿಂದಿನದೂ.
ಎರಡು ಸಲವೂ ಮಂಕು ಎಂದಿದ್ದಳು.
ಎರಡು ಸಲವೂ ಮಳೆ ಹೊತ್ತಿಗೇ ಬಂತು, ನಾವು ತಡವಾಗಿ ಬಿತ್ತಿ
ಹೂ ಬಿಡುವ ಗಿಡವನ್ನು ಹೆಪ್ಪಿನ ಬಾಯಿಗೆ ಕೊಟ್ಟೆವು.
ಮಂಕು ಚುಕ್ಕಿಯದೋ, ನಡುವಿನ ಗಾಳಿಯದೋ, ನೋಡುವ ಕಣ್ಣಿನದೋ,
ಕೆಳಗೆ ಕೂತವರಿಗೆ ಮೂರೂ ಒಂದೇ ಮಾತಾಗಿ ಇಳಿದಿತ್ತು.

'ಹನ್ನೊಂದು,' ಅಂದೆ.
ಹತ್ತೇ ಇದ್ದಿರಬಹುದು. ಹನ್ನೊಂದನೆಯದು
ನನ್ನ ಕಣ್ಣಿನ ನೀರಿರಬಹುದು.
ಅವಳು ಜೇಬಿನ ಗಡ್ಡೆ ತೆಗೆದು, ಮುರಿದು, ಅರ್ಧ ಕೊಟ್ಟಳು.
ತಣ್ಣಗಾಗಿತ್ತು. ತಿಂದೆವು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುವವರು
ಈ ಇಳಿಜಾರನ್ನು ಒಮ್ಮೆ ಜೊತೆಯಲ್ಲಿ ಇಳಿದು ನೋಡಲಿ:
ನನ್ನ ಭುಜದ ಮೇಲೆ ಅವಳ ಕೈ. ಅವಳ ಪಾದಕ್ಕೆ ದಾರಿ ಗೊತ್ತು,
ನನ್ನದಕ್ಕೆ ಇನ್ನೂ ಇಲ್ಲ.

ಗೋಡೆಯ ಹತ್ತಿರ ಎಲ್ಲರೂ ಎದ್ದು ನಿಂತರು.
ಅವಳು ಬಾಯಿ ಬಿಡಲಿಲ್ಲ. ನನ್ನತ್ತ ತಿರುಗಲೂ ಇಲ್ಲ,
ನನ್ನ ಪಕ್ಕದ ಖಾಲಿ ಜಾಗದತ್ತ ತಿರುಗಿ ನಿಂತಳು.
'ಅತ್ತೆ ನೋಡಿದರು,' ಅಂದೆ. 'ಹನ್ನೊಂದು.'