ಆಯುವ ಕೆಲಸ

ಇಪ್ಪತ್ತೆರಡು ವರ್ಷ ಕಾಫಿ ಕ್ಯೂರಿಂಗಿನಲ್ಲಿ
ಬೀಜ ಆಯ್ದವಳು ನಾನು. ಕರಿದು, ಒಡಕು, ಹುಳು ಕೊರೆದದ್ದು.
ಕಣ್ಣು ಅತ್ತಿತ್ತ ಹೋದರೂ ಬೆರಳು ತಪ್ಪುತ್ತಿರಲಿಲ್ಲ.
ಈಗ ಇರ್ಷಾದ್ ಸೂಜಿ ಚುಚ್ಚುತ್ತಾ ಅನ್ನುತ್ತಾನೆ,
‘ಜಸಿಂತಕ್ಕ, ಇದೂ ಅದೇ ಕೆಲಸ.’

ಚಿಕ್ಕಮಗಳೂರಿನ ಆಸ್ಪತ್ರೆ, ಎರಡನೇ ಮಹಡಿ,
ಕಿಟಕಿ ಪಕ್ಕದ ಮಂಚ.
ಎಂದಿನ ಫಿಲ್ಟರಿನ ಮುಂದೆ ಇವತ್ತು ಇನ್ನೊಂದು ಡಬ್ಬಿ,
ಒಳಗೆ ರಾಗಿಗಿಂತ ಸಣ್ಣ ಮಣಿಗಳು.

‘ಯೂರಿಯಾ ಗೀರಿಯಾ ಜರಡಿಯಲ್ಲಿ ಇಳಿದುಹೋಗುತ್ತೆ.
ದಪ್ಪನೆಯವು ಇಳಿಯಲ್ಲ, ರಕ್ತದಲ್ಲೇ ಸುತ್ತುತ್ತಾ
ಮೈಯೆಲ್ಲ ಉರಿ ಹಚ್ಚುತ್ವೆ.
ಅವು ಈ ಮಣಿಗೆ ಅಂಟಿಕೋಬೇಕು.’
‘ಅಂಟದಿದ್ದರೆ?’
ಅವನು ಕ್ಲಾಂಪ್ ಬಿಚ್ಚಿದ.

ನವೆ. ಅದನ್ನ ಯಾರಿಗೆ ಹೇಳಲಿ.
ಸೊಳ್ಳೆಯದಲ್ಲ, ಗಾಯದ್ದಲ್ಲ,
ಚರ್ಮದ ಕೆಳಗೆ, ಉಗುರಿಗೆ ಸಿಗದ ಕಡೆ.
ಬಾಚಣಿಗೆ ಸವೆದು ಸೌಟಿನ ಹಿಡಿಗೆ ಬಂದೆ.
ಪಾದ್ರಿ ಎಣ್ಣೆ ಕೊಟ್ಟರು, ಅಕ್ಕ ಬೇವು ಅರೆದಳು.
ರಾತ್ರಿ ಎರಡಕ್ಕೂ ನನ್ನ ಸದ್ದು,
ಬೀಜದ ಮೂಟೆಯಲ್ಲಿ ಇಲಿ ಕೆರೆದ ಹಾಗೆ.

ಎರಡು ಗಂಟೆ. ಕೆಂಪು ನಳಿಗೆಯಲ್ಲಿ ಹೊರಟು
ಮಣಿಗಳ ಸಂದಿಯಲ್ಲಿ ನುಸುಳಿ
ಮತ್ತೆ ನನ್ನ ತೋಳಿಗೇ ಬಂದೆ.
ಏನೂ ಗೊತ್ತಾಗಲಿಲ್ಲ. ಸ್ವಲ್ಪ ಚಳಿ.
ಕೆಳಗೆ ಕಡೂರು ಬಸ್ಸಿನವನು
ಒಂದೇ ಸಮ ಹಾರ್ನ್ ಒತ್ತುತ್ತಿದ್ದ.

ಡಬ್ಬಿ ಕಳಚುವಾಗ ಕೇಳಿದೆ, ‘ಇದನ್ನೇನು ಮಾಡ್ತೀರಿ?’
‘ಹಳದಿ ಚೀಲಕ್ಕೆ. ಆಮೇಲೆ ಸುಡ್ತಾರೆ.’
ನಮ್ಮಲ್ಲಿ ಕರಿಬೀಜಕ್ಕೂ ಗಿರಾಕಿ ಇದ್ದರು,
ಅಗ್ಗಕ್ಕೆ ಕೊಂಡು ಪುಡಿಗೆ ಬೆರೆಸುವವರು.
ನನ್ನದು ಯಾರಿಗೂ ಬೇಡ. ನಗು ಬಂತು.

ಆ ರಾತ್ರಿ, ಎಷ್ಟು ಹೊತ್ತೋ,
ಮೂಗಿನ ಕೆಳಗೆ ಏನೋ ತಣ್ಣಗೆ ತಾಗಿ ಎಚ್ಚರಾಯಿತು.
ಅಕ್ಕನ ಬೆರಳು.
ಕೆರೆತ ಕೇಳದೆ ಅವಳಿಗೆ ನಿದ್ದೆ ಹತ್ತಿಲ್ಲ,
ಉಸಿರಿದೆಯೋ ನೋಡುತ್ತಿದ್ದಾಳೆ.

‘ಇದ್ದೀನಿ, ಮಲಗು’ ಅಂದೆ.
ಮಲಗಲಿಲ್ಲ. ದೀಪ ಹಾಕಿ
ಔಷಧಿ ಚೀಟಿಯ ಬೆನ್ನಿಗೆ ಲೆಕ್ಕ ಬರೆಯತೊಡಗಿದಳು:
ಎರಡು ವಾರಕ್ಕೊಂದು ಡಬ್ಬಿ, ಕಾರ್ಡಿನಲ್ಲಿ ಬರುವುದಿಲ್ಲ,
ನನ್ನ ಪಿಎಫ್ ಉಳಿದದ್ದು ಇಷ್ಟು, ಅವಳ ಬಳೆ ಎರಡು.
ಒಂದು ಅಂಕಿ ಹೊಡೆದಳು, ಇನ್ನೊಂದು ಬರೆದಳು,
ಅದನ್ನೂ ಹೊಡೆದಳು.

ಪೆನ್ನಿನ ಸದ್ದು ಕೇಳುತ್ತಲೇ,
ನಾಚಿಕೆಯೇ ಇಲ್ಲದೆ,
ನನಗೆ ಮತ್ತೆ ನಿದ್ದೆ ಬಂತು.